ಊರಗೋಡೆಯ ಹೊರಮೈ

ನಮ್ಮೂರಿನ ನಲ್ಲಿಗಳಿಗೆ ನೀರು ಬರುವುದು ಕುಂಬಾರ ಪರಪ್ಪನ ಮನೆಯ ಗೋಡೆಯ ಮಾತು ಕೇಳಿ. ನೀರು ಯಾವ ಹೊತ್ತಿಗೆ ಬರಬೇಕು, ಯಾವ ಓಣಿಗೆ ಮೊದಲು ಹೋಗಬೇಕು ಎನ್ನುವುದೆಲ್ಲ ಆ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿದೆ, ನೀರು ಅದರಂತೆ ನಡೆಯುತ್ತದೆ. ಬೀದಿದೀಪಗಳ ಬರಹ ಬಳೆಗಾರರ ಓಣಿಯ ನಾಲ್ಕು ಮನೆಗಳ ಮೇಲೆ ಹರಡಿಕೊಂಡಿದೆ. ಹಿಟ್ಟಿನ ಗಿರಣಿಯದು ಗಿರಣಿಯ ಗೋಡೆಯ ಮೇಲೆಯೇ ಇದೆ. ಎಲ್ಲವನ್ನೂ ಊರವರೇ ಕೂಡಿ ಬರೆದದ್ದು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ತಿದ್ದಿ, ಮತ್ತೊಬ್ಬರು ನಕಲು ಮಾಡಿಕೊಂಡು ತಮ್ಮ ಗೋಡೆಗೆ ಒಗ್ಗಿಸಿಕೊಂಡು, ಮೂರು ತಲೆಮಾರಿನಿಂದ ಹೀಗೇ ಬಂದಿದೆ. ಮಳೆ ಶುರುವಾದರೆ ನಾವು ಮೊದಲು ಗೋಡೆಗಳಿಗೆ ಚಾಪೆ ಕಟ್ಟುತ್ತೇವೆ, ಆಮೇಲೆ ನಮ್ಮ ತಲೆಗೆ ಕೊಡೆ ಹುಡುಕುತ್ತೇವೆ. ಮದುವೆ ಇರುವ ಮನೆಯವರು ಸುಣ್ಣ ಬಳಿಯಬೇಕೆಂದರೆ ಊರಸಭೆಯ ಒಪ್ಪಿಗೆ ಬೇಕು. ಒಮ್ಮೆ ಪಾಪ, ಹೊಸ ಅಳಿಯನೊಬ್ಬ ಗೊತ್ತಿಲ್ಲದೆ ಬಳೆಗಾರರ ಗೋಡೆಗೆ ಬೆನ್ನು ಉಜ್ಜಿ ನಿಂತದ್ದಕ್ಕೆ ಮೂರು ಓಣಿಗಳ ದೀಪ ಹಗಲಿಡೀ ಉರಿದವು. ಅವನಿಗೆ ಈಗ ಮೊಮ್ಮಕ್ಕಳಿದ್ದಾರೆ. ಆದರೂ ಅವನು ದೀಪದ ಅಳಿಯನೇ.

ಊರಿಗಿರುವ ದೊಡ್ಡ ಕಟ್ಟಳೆ ಒಂದೇ: ಯಾರಿಗೂ ಓದಲು ಬಾರದ್ದು ಗೋಡೆಯ ಮೇಲೆ ಇರಕೂಡದು. ಹೊಸದಾಗಿ ಏನು ಬರೆದರೂ ಊರ ಓದುಗಿತ್ತಿ ಹೋಗಿ, ಸಾಲು ಸಾಲಾಗಿ ಓದಿ, ಅರ್ಥವಾಯಿತೆಂದರೆ ಮಾತ್ರ ಕೆಳಗೆ ಕೆಮ್ಮಣ್ಣಿನಲ್ಲಿ ಹೆಬ್ಬೆಟ್ಟು ಒತ್ತಬೇಕು. ಒತ್ತಿದ ಮೇಲೆಯೇ ಬರಹಕ್ಕೆ ಜೀವ. ಬೇರೆ ಊರುಗಳಲ್ಲಿ ಹೆಬ್ಬೆಟ್ಟು ಒತ್ತುವವರು ಓದು ಬಾರದವರು ಎಂದು ಕೇಳಿದ್ದೇನೆ. ನಮ್ಮಲ್ಲಿ ಹಾಗಲ್ಲ.

ಆ ಓದುಗಿತ್ತಿ ನಾನು. ಹೆಸರು ಸಾವಂತ್ರಿ, ಹಗಲು ರವಿಕೆ ಹೊಲಿಯುತ್ತೇನೆ. ಗೋಡೆ ಓದುವುದನ್ನು ಕಲಿತದ್ದು ರಾಚಯ್ಯ ಮಾಸ್ತರರ ಸಂಜೆ ಶಾಲೆಯಲ್ಲಿ, ಅದೂ ಮೂವತ್ತು ದಾಟಿದ ಮೇಲೆ. ಹಿಂದಿನ ಓದುಗ ತೀರಿಕೊಂಡಾಗ ನನಗಿಂತ ಚೆನ್ನಾಗಿ ಓದಬಲ್ಲವರು ಐದಾರು ಜನ ಇದ್ದರು, ಅವರಿಗೆಲ್ಲ ಬೇರೆ ಕೆಲಸವಿತ್ತು. ಹೀಗೆ ಸಿಕ್ಕ ಪದವಿ ಇದು ಎಂಬುದನ್ನು ನಾನು ಮರೆತಿಲ್ಲ. ಒಂದೊಂದು ಸಾಲನ್ನೂ ನಾಲ್ಕು ಸಲ ಓದುತ್ತೇನೆ. ಒತ್ತಿ ಮನೆಗೆ ಬಂದು, ಅನ್ನಕ್ಕಿಟ್ಟು, ಉರಿ ಸಣ್ಣ ಮಾಡಿ, ಮತ್ತೆ ಹೋಗಿ ನೋಡಿ ಬರುತ್ತೇನೆ. ಗಿರಣಿಯ ತಿರಕಪ್ಪ, ನನ್ನ ಹೆಬ್ಬೆಟ್ಟು ಗೋಡೆಗೆ ತಾಗುವಷ್ಟರಲ್ಲಿ ತನ್ನ ಜೋಳಕ್ಕೆ ನುಸಿ ಹಿಡಿಯುತ್ತದೆ ಎಂದು ಊರೆಲ್ಲ ಹೇಳಿಕೊಂಡು ಬರುತ್ತಾನೆ. ಅವನು ಹೇಳುವುದರಲ್ಲಿ ಸುಳ್ಳೇನೂ ಇಲ್ಲ.

ಗಿರಣಿಯ ಎದುರಿಗೆ, ಊರನ್ನು ಸುತ್ತುವರಿದ ಊರಗೋಡೆಗೆ ಒತ್ತಿಕೊಂಡಂತೆ ಮಾಬೂಬಿಯ ಮನೆ. ಆಕೆ ಹಾರ್ಮೋನಿಯಂ ರಿಪೇರಿ ಮಾಡುವವಳು. ಸುತ್ತಲಿನ ನಾಟಕ ಕಂಪನಿಗಳ, ಭಜನೆ ಮೇಳಗಳ ಪೇಟಿಗಳೆಲ್ಲ ಆಕೆಯ ಬಳಿಗೇ ಬರುತ್ತವೆ. ಒಳಗಿನ ಹಿತ್ತಾಳೆಯ ಪಟ್ಟಿಗಳನ್ನು ಸಣ್ಣ ಅರದಿಂದ ಕೂದಲೆಳೆಯಷ್ಟು ಕೆರೆದು ಸುರ ಕೂಡಿಸುವ ಕೆಲಸ ಅದು, ಪೂರ್ತಿ ಕಿವಿಯ ಕೆಲಸ. ವಯಸ್ಸು ಐವತ್ತೆಂಟಾಗುವ ಹೊತ್ತಿಗೆ ಆಕೆಯ ಕಿವಿ ಹೋಯಿತು. ಸ್ವಲ್ಪ ದಿನ ಪೇಟಿಯ ಹಲಗೆಗೆ ಹಲ್ಲು ಹಚ್ಚಿ ನಾದ ಹಿಡಿಯುತ್ತಿದ್ದಳು. ಆಮೇಲೆ ಒಂದು ಕಂಪನಿಯವರು ಸುರ ಕೂಡಿಲ್ಲವೆಂದು ಮೂರು ಪೇಟಿಗಳನ್ನು ವಾಪಸು ತಂದಿಟ್ಟು ಹೋದರು. ಅಂದಿನಿಂದ ಮಾಬೂಬಿ ಹಗಲು ಹೊತ್ತಿನಲ್ಲೂ ಬಾಗಿಲು ಮುಂದೆ ಮಾಡಿಕೊಂಡು ಕೂಡತೊಡಗಿದಳು.

ಒಂದು ದಿನ ಆಕೆ ಹೊರಗಿನ ಆಸ್ಪತ್ರೆಗೆ ಹೋಗಿ, ಕಿವಿಗೆ ಇಟ್ಟುಕೊಳ್ಳುವ ಒಂದು ಗುಂಡಿಯನ್ನೂ ಎಲೆಯಡಿಕೆ ಡಬ್ಬಿಯಷ್ಟು ದೊಡ್ಡದಾದ ಒಂದು ಕಪ್ಪು ಡಬ್ಬಿಯನ್ನೂ ತಂದಳು. ಜೊತೆಗೆ ಒಂದು ಚೀಟಿ. ಅದರಂತೆ ಗೋಡೆಯ ಮೇಲೆ ಬರೆಯಬೇಕಾದದ್ದು ಎರಡೇ ಸಾಲು: ಬಂದ ಸದ್ದನ್ನು ಡಬ್ಬಿಗೆ ಕೊಡು. ಡಬ್ಬಿ ಕೊಟ್ಟದ್ದನ್ನು ಕಿವಿಗೆ ಕೊಡು. ನಾನು ಎರಡೂ ಸಾಲನ್ನು ನಾಲ್ಕು ಸಲ ಓದಿದೆ, ಚೆನ್ನಾಗಿಯೇ ಅರ್ಥವಾದವು. ಆದರೆ ಆ ಎರಡು ಸಾಲಿನ ನಡುವೆ ನಡೆಯುವುದೇನು? ಡಬ್ಬಿಯನ್ನು ತಿರುಗಿಸಿ ನೋಡಿದೆ. ಮುಚ್ಚಳವಿಲ್ಲ, ಸ್ಕ್ರೂ ಇಲ್ಲ, ಉಗುರು ಹೋಗುವಷ್ಟು ಸಂದಿಯಿಲ್ಲ. ಕೆಮ್ಮಣ್ಣು ಕಲಸಿದ ಬಟ್ಟಲು ನನ್ನ ಕೈಯಲ್ಲೇ ಒಣಗುತ್ತಾ ಬಂತು.

“ತಂಗಿ, ನಿನ್ನ ಹೆಬ್ಬಟ್ಟಿನ ಮ್ಯಾಲೆ ನನ್ನ ಕಿವಿ ನಿಂತೈತಿ,” ಎಂದಳು ಮಾಬೂಬಿ. “ಒತ್ತಿಬಿಡು.”

ಡಬ್ಬಿಯ ಒಳಗೆ ಏನಿದೆಯೋ ನನಗೆ ಗೊತ್ತಿಲ್ಲ ಎಂದು ಪಾಟಿಯ ಮೇಲೆ ಬರೆದು ತೋರಿಸಿದೆ.

“ನನ್ನ ಹೊಟ್ಟಿ ಒಳಗ ಏನೈತಿ ಅಂತ ಗೊತ್ತೈತೇನು ನಿಂಗ? ದಿನಾ ಚಹಾ ಕುಡಸ್ತಿಯಲ್ಲ.”

ಒಣಗಿದ ಬಟ್ಟಲನ್ನು ಎತ್ತಿಕೊಂಡು ಬಂದೆ. ವಿಷಯ ಊರಸಭೆಗೆ ಹೋಯಿತು.

ರಾಚಯ್ಯ ಮಾಸ್ತರರ ಬಗ್ಗೆ ಇಲ್ಲಿ ಒಂದು ಮಾತು ಹೇಳಬೇಕು. ಅವರ ಶಾಲೆ ನಡೆಯುವುದು ಗಿರಣಿಯ ಪಕ್ಕದ ಶೆಡ್ಡಿನಲ್ಲಿ. ಮೂವತ್ತು ವರ್ಷ ಗಿರಣಿಯ ಸದ್ದಿನ ಮೇಲೆ ದನಿ ಏರಿಸಿ ಪಾಠ ಹೇಳಿ, ಈಗ ಅವರು ಕುಶಲ ವಿಚಾರಿಸಿದರೂ ಜಗಳಕ್ಕೆ ಬಂದಂತೆ ಕೇಳುತ್ತದೆ. ಮನುಷ್ಯ ಮಾತ್ರ ಮೃದು. ಸಭೆಯಲ್ಲಿ ಅವರು ಹೇಳಿದ್ದನ್ನು ತಳ್ಳಿಹಾಕುವಂತಿರಲಿಲ್ಲ. ಇವತ್ತು ಕಿವಿ, ನಾಳೆ ದೀಪ, ನಾಡಿದ್ದು ನೀರು. ಎಲ್ಲದಕ್ಕೂ ಒಂದೊಂದು ಮುಚ್ಚಿದ ಡಬ್ಬಿ ಬಂದರೆ ಗೋಡೆಯ ಮೇಲೆ ಉಳಿಯುವುದು ‘ಡಬ್ಬಿಯನ್ನು ಕೇಳು’ ಎಂಬ ಒಂದೇ ಸಾಲು, ಅದನ್ನು ಓದಲು ಸಂಜೆ ಶಾಲೆ ಯಾಕೆ ಬೇಕು ಎಂದರು. “ತನ್ನ ಒಳಗ ಏನೈತಿ ಅಂತ ತೋರಸಲಾರದ್ದು ನಮ್ಮನಿ ಒಳಗ ಯಾಕ ಕೂಡಬೇಕು?” ಎಂದು ಅವರು ಕೇಳಿದಾಗ ಹಂಚಿನ ಮೇಲಿನ ಪಾರಿವಾಳಗಳು ಎದ್ದುಹೋದವು. ಹಾಗಾದರೆ ಮಾಬೂಬಿ ಕಿವುಡಿಯಾಗಿಯೇ ಇರಬೇಕೇ ಎಂದು ಅರ್ಧ ಸಭೆ ಕೇಳಿತು. ಮೂರು ಸಭೆ ನಡೆದವು. ಮೂರಕ್ಕೂ ಮಾಬೂಬಿ ಬಂದು ಮುಂದಿನ ಸಾಲಿನಲ್ಲಿ ಕೂತು, ತನ್ನ ಕಿವಿಯ ಬಗ್ಗೆ ನಡೆದ ವಾದದಲ್ಲಿ ಒಂದಕ್ಷರವೂ ಕೇಳದೆ, ಯಾರ ಬಾಯಿ ಹೆಚ್ಚು ಅಲುಗಾಡುತ್ತದೆಂದು ನೋಡುತ್ತಿದ್ದಳು.

ದಾರಿ ತೋರಿಸಿದವನು ತಿರಕಪ್ಪ. ಊರಗೋಡೆಯ ಒಳಮೈ ಊರಿಗೆ ಸೇರಿದ್ದು, ಸರಿ. ಹೊರಮೈ ಯಾರದು? ಇದನ್ನು ಯಾರೂ ಯೋಚಿಸಿರಲಿಲ್ಲ. ಮಾಬೂಬಿಯ ಹಿತ್ತಿಲ ಗೋಡೆಗೆ ಒಂದು ತೂತು ಕೊರೆದು, ಡಬ್ಬಿಯನ್ನು ಹೊರಮೈಗೆ ನೇತುಹಾಕಿದರೆ ಕಟ್ಟಳೆಗೂ ಭಂಗವಿಲ್ಲ, ಕಿವಿಗೂ ಭಂಗವಿಲ್ಲ. ಮಾಸ್ತರರು ಬಹಳ ಹೊತ್ತು ಗಡ್ಡ ಕೆರೆದುಕೊಂಡು ಒಪ್ಪಿದರು. ಠರಾವನ್ನು ನಾನೇ ಬರೆದುಕೊಂಡೆ. ಡಬ್ಬಿಯು ಊರಿನೊಳಗೆ ಇರುವುದಿಲ್ಲ. ಡಬ್ಬಿಗೂ ಊರಿಗೂ ಯಾವ ಸಂಬಂಧವೂ ಇಲ್ಲ. ಡಬ್ಬಿ ನೆನೆಯದಂತೆ ಊರಿನ ವತಿಯಿಂದ ಒಂದು ತಗಡಿನ ಚಾವಣಿ ಹಾಕಿಸಲಾಗುವುದು.

ಎರಡು ಸಾಲಿನ ಕೆಳಗೆ ಹೆಬ್ಬೆಟ್ಟು ಒತ್ತಿದೆ. ಮನಸ್ಸು ತಡೆಯದೆ ಹೊರಗೆ ಹೋಗಿ ಡಬ್ಬಿಯ ಕೆಳಗೆ ‘ಇದನ್ನು ಓದಿಲ್ಲ’ ಎಂದು ಸೀಮೆಸುಣ್ಣದಲ್ಲಿ ಬರೆದೂ ಬಂದೆ. ಮಾಬೂಬಿಗೆ ಮೊದಲು ಕೇಳಿಸಿದ್ದು ತಿರಕಪ್ಪನ ಸೀನು. ಆಕೆ ಬೆಚ್ಚಿ, ಆಮೇಲೆ ನಕ್ಕು, ಆಮೇಲೆ ಅತ್ತು, ಸೆರಗಿನಿಂದ ಮೂಗು ಒರೆಸಿಕೊಂಡು ಒಂದು ಪೇಟಿಯನ್ನು ಮುಂದೆ ಎಳೆದುಕೊಂಡಳು.

ಮುಂದಿನ ವರ್ಷದಲ್ಲಿ ಆದದ್ದನ್ನು ಹೇಳಲು ಸ್ವಲ್ಪ ನಾಚಿಕೆಯಾಗುತ್ತದೆ. ತಿರಕಪ್ಪ ಗಿರಣಿಯ ಜರಡಿಗೆ ಒಂದು ಡಬ್ಬಿ ತಂದು ಹೊರಮೈಗೆ ಹಾಕಿದ. ಬಳೆಗಾರರು ಕುಲುಮೆಯ ಬಿಸಿ ನೋಡಿಕೊಳ್ಳಲು ಒಂದು ತಂದರು. ಒಂದೊಂದಾಗಿ ಮೂವತ್ತೆಂಟು ಡಬ್ಬಿಗಳಾದವು, ತಗಡಿನ ಚಾವಣಿ ಊರ ಬಾಗಿಲಿನವರೆಗೂ ಬೆಳೆಯಿತು. ನೆರಳು ಚೆನ್ನಾಗಿದ್ದುದರಿಂದ ಜನ ಅಲ್ಲೇ ಬಂದು ಹರಟೆಗೆ ಕೂಡತೊಡಗಿದರು. ನೆಂಟರಿಗೆ ಊರು ತೋರಿಸುವಾಗ ಮೊದಲು ತೋರಿಸುವುದೇ ಊರಿಗೆ ಸೇರದ ಆ ಜಾಗವನ್ನು. ಪ್ರತಿ ಡಬ್ಬಿಯ ಕೆಳಗೂ ನಾನು ಯಜಮಾನರ ಹೆಸರು ಬರೆದು ‘ಓದಿಲ್ಲ’ ಎಂದು ಸೇರಿಸುತ್ತಿದ್ದೆ. ಒಂದು ಬೆಳಿಗ್ಗೆ ಮಾಸ್ತರರು ಪಂಚೆಯ ಮರೆಯಲ್ಲಿ ಏನನ್ನೋ ಹಿಡಿದುಕೊಂಡು ಬಂದರು. ಮೊಣಕಾಲಿಗೆ ಶಾಖ ಕೊಡುವ ಪಟ್ಟಿಯ ಡಬ್ಬಿ ಅದು. ಹೆಸರು ಪೂರ್ತಿ ಬರೆಯುವುದೇನೂ ಬೇಡ, ರಾ. ಎಂದರೆ ಸಾಕು ಎಂದರು. ತಮ್ಮ ಲೆಕ್ಕದಲ್ಲಿ ಪಿಸುಗುಟ್ಟಿದ್ದರು. ನೆರಳಲ್ಲಿ ಕೂತಿದ್ದವರೆಲ್ಲ ತಿರುಗಿ ನೋಡಿದರು.

ನನಗೆ ಮಾತ್ರ ಸಮಾಧಾನವಿರಲಿಲ್ಲ. ಉಳಿದವು ಹೋಗಲಿ, ಮಾಬೂಬಿಯ ಕಿವಿಯ ಸಾಲಿಗೆ ಹೆಬ್ಬೆಟ್ಟು ಒತ್ತಿದವಳು ನಾನು. ಒಳಗೆ ಓದಲಾಗದಿದ್ದರೆ ಹೊರಗಿನಿಂದಲಾದರೂ ನೋಡೋಣ ಎಂದು, ಹೊಲಿಗೆ ಮುಗಿಸಿ ದಿನಾ ಸಂಜೆ ಒಂದು ತಾಸು ಆಕೆಯ ಮನೆಯಲ್ಲಿ ಕೂಡುತ್ತಿದ್ದೆ. ಪೇಟಿಯ ಮೇಲಿನ ಪಟ್ಟಿಗಳಲ್ಲಿ ಬಿಳಿ ಒಂದು ಒತ್ತಿದರೆ ಎಷ್ಟು ಜೋರಾಗಿ ಕೇಳಿತು? ಕರಿ ಮೂರು? ಪಾತ್ರೆ ಬಿದ್ದರೆ? ನಾನು ಕೆಮ್ಮಿದರೆ? ಡಬ್ಬಿ ಯಾವುದನ್ನು ಎತ್ತಿ ಕೊಡುತ್ತದೆ, ಯಾವುದನ್ನು ತಗ್ಗಿಸುತ್ತದೆ ಎಂದು ಒಂದೊಂದೇ ಬರೆದುಕೊಂಡೆ. ಮಾಬೂಬಿ ಇದನ್ನು ನನ್ನ ಚಟವೆಂದು ತಿಳಿದು, ಬೀಡಿ ಸೇದುವ ಗಂಡನನ್ನು ಸಹಿಸಿದಂತೆ ಸಹಿಸಿಕೊಂಡಳು. ಹನ್ನೊಂದು ನೋಟ್‌ಬುಕ್ಕು ತುಂಬಿದವು.

ಒಂದು ಸೋಮವಾರ ಮಾಬೂಬಿಯ ಕಿವಿ ನಿಂತಿತು. ಡಬ್ಬಿ ತಗಡಿನ ಕೆಳಗೆ ತಣ್ಣಗೆ ಕೂತಿತ್ತು. ಡಬ್ಬಿ ಮಾಡಿದ ಕಂಪನಿಯಿಂದ ಎರಡು ದಿನಕ್ಕೆ ಪತ್ರ ಬಂತು. ಆ ಬಗೆಯ ಡಬ್ಬಿಗಳ ಅವಧಿ ಮುಗಿದಿದೆ, ಇನ್ನು ಅವು ನಡೆಯುವುದಿಲ್ಲ. ಹೊಸದನ್ನು ತರಿಸಿಕೊಳ್ಳಬಹುದು. ಆದರೆ ಅದನ್ನು ಮನೆಯ ಒಳಗೋಡೆಗೇ ಹಾಕಬೇಕು. ಅಲ್ಲದೆ ಡಬ್ಬಿ ಹೇಗೆ ನಡೆಯುತ್ತದೆಂದು ಯಾರೂ ನೋಡಿ ಬರೆದಿಟ್ಟುಕೊಳ್ಳಕೂಡದು. ಅಟ್ಟದ ಮೇಲೆ ನನ್ನ ಹೊಲಿಗೆಯ ತುಂಡುಬಟ್ಟೆಗಳ ಕೆಳಗಿದ್ದ ಹನ್ನೊಂದು ನೋಟ್‌ಬುಕ್ಕು ಕಣ್ಣ ಮುಂದೆ ಬಂದವು. ಹಳೆಯ ಚೀಟಿಯಲ್ಲಿ ಆ ಮಾತು ಇರಲಿಲ್ಲ, ನಾಲ್ಕು ಸಲ ಓದಿದ್ದೆ. ಆದರೂ ಕಳ್ಳತನ ಮಾಡಿದವಳಂತೆ ಮಾಸ್ತರರ ಬಳಿ ಹೋಗಿ ಎಲ್ಲವನ್ನೂ ಒಪ್ಪಿಕೊಂಡೆ.

ನಾನು ಹೋಗುವ ಮೊದಲು ಅವರು ಹತ್ತು ನಿಮಿಷ ಇಡೀ ಓಣಿಗೆ ಕೇಳುವಂತೆ ‘ನಾ ಹೇಳಿರಲಿಲ್ಲೇನು’ ಎಂದು ಸಾರಿದ್ದರಂತೆ. ಆಮೇಲೆ ಎದುರಿನ ಬಾಗಿಲಲ್ಲಿ ಮಾಬೂಬಿ ಒಂದು ಪೇಟಿಯ ಹಲಗೆಗೆ ಹಲ್ಲು ಹಚ್ಚಿ ಕೂತದ್ದನ್ನು ಕಂಡು ಸುಮ್ಮನಾದರಂತೆ. ನಾಟಕ ಕಂಪನಿಗಳು ತಿರುಗಾಟಕ್ಕೆ ಹೊರಡಲು ನಲವತ್ತು ದಿನ ಉಳಿದಿತ್ತು. ಒಂಬತ್ತು ಪೇಟಿಗಳು ಆಕೆಯ ಮನೆಯಲ್ಲಿದ್ದವು. ಈ ಸಲವೂ ಹಾಗೇ ವಾಪಸು ಹೋದರೆ ಇನ್ನು ಯಾರೂ ಆಕೆಯ ಬಾಗಿಲಿಗೆ ಪೇಟಿ ತರುವುದಿಲ್ಲ. ಇದು ಎಲ್ಲರಿಗಿಂತ ಚೆನ್ನಾಗಿ ಆಕೆಗೇ ಗೊತ್ತಿತ್ತು.

“ಎಷ್ಟು ನೋಟ್‌ಬುಕ್ ಅಂದಿ?” ಎಂದರು ಮಾಸ್ತರರು.

“ಹನ್ನೊಂದ್ರಿ. ತಪ್ಪಾತ್ರಿ.”

“ತಗೊಂಡ ಬಾ.”

ಸಂಜೆ ಶಾಲೆಯವರೆಲ್ಲ ಇಪ್ಪತ್ತೆರಡು ದಿನ ಕೂತರು. ನನ್ನ ನೋಟ್‌ಬುಕ್ಕುಗಳನ್ನು ಹಂಚಿಕೊಂಡು, ಡಬ್ಬಿ ಮಾಡುತ್ತಿದ್ದುದನ್ನೆಲ್ಲ ನಮ್ಮ ಸಾಲುಗಳಲ್ಲಿ ಬರೆದರು. ಮಾಬೂಬಿಯ ಮನೆಯ ಮುಂದಿನ ಗೋಡೆ, ಪಕ್ಕದ ಗೋಡೆ, ದನದ ಕೊಟ್ಟಿಗೆಯ ಗೋಡೆ ತುಂಬಿದವು. ಓದಿ ಓದಿ ನನ್ನ ಕಣ್ಣು ಉರಿಯತೊಡಗಿದವು. ಕಡೆಗೆ ಹೆಬ್ಬೆಟ್ಟು ಒತ್ತಿದೆ. ಮಾಬೂಬಿ ಗುಂಡಿಯನ್ನು ಕಿವಿಗಿಟ್ಟುಕೊಂಡು ಬಿಳಿ ಒಂದನ್ನು ಒತ್ತಿ, ತಲೆಯಾಡಿಸಿದಳು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಿರಕಪ್ಪ ಖುಷಿಯಾಗಿ, ಇವತ್ತಿನ ಕೆಲಸ ಸಾಕೆಂದು ಗಿರಣಿ ನಿಲ್ಲಿಸಿ ಬಂದ. ಅಷ್ಟರಲ್ಲಿ ಮಾಬೂಬಿಯ ಮುಖ ಇಳಿದುಹೋಯಿತು. ಸುರ ತಟ್ಟನೆ ತೆಳ್ಳಗಾಯಿತಂತೆ, ಗಂಡಸರ ಮಾತು ಕೇಳಿಸಲೇ ಇಲ್ಲವಂತೆ, ಕೆಳಗಿನ ಪಟ್ಟಿಗಳು ಸತ್ತೇಹೋದವಂತೆ.

ತಪ್ಪು ನನ್ನದೇ. ನಾನು ವರ್ಷವಿಡೀ ಬರೆದುಕೊಂಡದ್ದು ಸಂಜೆಯ ಹೊತ್ತಿನಲ್ಲಿ, ಅಂದರೆ ಎದುರಿನ ಗಿರಣಿ ನಡೆಯುವ ಹೊತ್ತಿನಲ್ಲಿ. ಡಬ್ಬಿ ಪ್ರತಿ ಸಲವೂ ಗಿರಣಿಯ ಸದ್ದನ್ನು ಕಳೆದು ಉಳಿದದ್ದನ್ನು ಕೊಡುತ್ತಿತ್ತು. ನಾನು ಅದನ್ನು ಹಾಗೆಯೇ ಬರೆದುಕೊಂಡಿದ್ದೆ, ಗಿರಣಿಯ ಹೆಸರನ್ನು ಮಾತ್ರ ಎಲ್ಲೂ ಬರೆದಿರಲಿಲ್ಲ. ಆ ಸದ್ದು ನಮಗೆ ಸದ್ದು ಅನ್ನಿಸುವುದನ್ನು ಬಿಟ್ಟು ಎಷ್ಟೋ ವರ್ಷಗಳಾಗಿದ್ದವು. ಈಗ ಗಿರಣಿ ನಿಂತರೆ ಗೋಡೆಯ ಬರಹವು, ಇಲ್ಲದ ಸದ್ದನ್ನು ಕಳೆಯಲು ಹೋಗಿ ಇರುವ ಸದ್ದನ್ನೇ ತಿನ್ನುತ್ತಿತ್ತು. ಮತ್ತೆ ಬರೆಯೋಣವೆಂದರೆ ಡಬ್ಬಿ ಸತ್ತಿದೆ, ಯಾರನ್ನು ಕೇಳುವುದು? ಓದುಗಿತ್ತಿಯ ಕೆಲಸ ಬಿಡುತ್ತೇನೆ ಎಂದು ಮಾಸ್ತರರಿಗೆ ಹೇಳಿದೆ. ಯಾರಿಗೆ ಕೊಡಲಿ, ಎಲ್ಲರಿಗೂ ಬೇರೆ ಕೆಲಸ ಐತಿ ಎಂದರು.

ತಿರಕಪ್ಪ ಮರುದಿನ ಬೆಳಗಿನಿಂದ ಸಂಜೆಯವರೆಗೆ ಬರಿಯ ಗಿರಣಿ ಓಡಿಸಿದ. ಕಾಳಿಲ್ಲದೆ ಓಡಿದರೆ ಕಲ್ಲು ಸವೆಯುತ್ತವೆ ಎಂದು ಬಂದವರಿಗೆಲ್ಲ ಗೊಣಗಿದ, ಆದರೆ ನಿಲ್ಲಿಸಲಿಲ್ಲ. ಆ ಸದ್ದಿನಲ್ಲಿ ಮಾಬೂಬಿ ಎರಡು ಪೇಟಿ ಮುಗಿಸಿದಳು. ಮೂರನೆಯ ದಿನ ಅರ ಕೆಳಗಿಟ್ಟು ನನ್ನನ್ನು ಕರೆಸಿದಳು.

“ಆ ಮನಶಾ ನನ್ನ ಸಲುವಾಗಿ ಕಲ್ಲು ತಿನ್ನಾಕತ್ಯಾನ. ಸಾಕಿನ್ನು. ಈ ಗ್ವಾಡಿ ಓದೂದು ನನಗ ಕಲಸು.”

ನಾನು ಕಲಿತವಳೇ ಅಷ್ಟಕ್ಕಷ್ಟೆ, ಕಲಿಸುವುದು ಹೇಗೆ ಎಂದು ಹೆದರಿದೆ. ಆಕೆ ಕಾಯಲಿಲ್ಲ. ಈ ಸಾಲು ಏನು ಮಾಡುತ್ತದೆ, ಆ ಅಂಕಿ ಯಾಕಿದೆ ಎಂದು ಬೆರಳಿಟ್ಟು ಕೇಳುತ್ತ ಹೋದಳು. ಬಿಳಿ ಒಂದರ ಸಾಲು ಸಿಕ್ಕಿತು. ಅದರ ಪಕ್ಕದ ಅಂಕಿಯನ್ನು ಒದ್ದೆ ಬೆರಳಿನಿಂದ ಒರೆಸಿ, ಒಂದು ಕಡಿಮೆ ಬರೆದಳು. ನಾನು ಓದಿ ಒತ್ತಿದೆ. ಆಕೆ ಪೇಟಿಯ ಪಟ್ಟಿ ಒತ್ತಿ, ಕತ್ತು ವಾಲಿಸಿ ಕೇಳಿದಳು. ಮತ್ತೆ ಒರೆಸಿದಳು, ಅರ್ಧ ಹೆಚ್ಚು ಬರೆದಳು. ನಲವತ್ತು ವರ್ಷ ಹಿತ್ತಾಳೆಯ ಪಟ್ಟಿಯನ್ನು ಕೂದಲೆಳೆಯಷ್ಟು ಕೆರೆದ ಕೈ ಅದು. ಏನನ್ನು ಎಷ್ಟು ತೆಗೆಯಬೇಕೆಂದು ಅದಕ್ಕೆ ಹೇಳಿಕೊಡುವುದು ಬೇಕಿರಲಿಲ್ಲ. ಡಬ್ಬಿ ಇದ್ದಾಗ ಒಂದು ದಿನವೂ ಆಕೆಗೆ ಈ ಯೋಚನೆ ಬಂದಿರಲಿಲ್ಲ, ಸಂದಿಯಿಲ್ಲದ ಡಬ್ಬಿಗೆ ಎಲ್ಲಿ ಕೈ ಹಾಕುವುದು? ಎಂಟು ದಿನ ನನ್ನ ಹೆಬ್ಬೆಟ್ಟು ಒಣಗಲೇ ಇಲ್ಲ. ಒಂಬತ್ತನೆಯ ದಿನ ಆಕೆ ತಿರಕಪ್ಪನಿಗೆ ಗಿರಣಿ ನಿಲ್ಲಿಸು ಎಂದು ಕೈ ಮಾಡಿದಳು. ಗಿರಣಿ ನಿಂತಿತು. ಮಾಬೂಬಿ ಮೇಲಿನಿಂದ ಕೆಳಗಿನವರೆಗೆ ಎಲ್ಲ ಪಟ್ಟಿಗಳನ್ನೂ ಒತ್ತುತ್ತ ಬಂದು, ಕಡೆಯದರ ಮೇಲೆ ಬೆರಳಿಟ್ಟುಕೊಂಡೇ, ಎಲ್ಲವೂ ಕೇಳಿದವೆಂದು ತಲೆಯಾಡಿಸಿ, ಅರಕ್ಕೆ ಕೈ ಚಾಚಿದಳು.

ಪೇಟಿಗಳು ಹೊತ್ತಿಗೆ ಮುಂಚೆಯೇ ಮುಗಿದವು. ಕಡೆಯ ಪೇಟಿ ಉಳಿದಿದ್ದಾಗ ಆಕೆ ಗೋಡೆಗೆ ಇನ್ನೊಂದು ಸಾಲು ಸೇರಿಸಿ ನನ್ನನ್ನು ಕರೆದಳು. ಹತ್ತಿರದಲ್ಲಿ ಹುಟ್ಟಿದ ಸದ್ದು ತೀರಾ ಜೋರಾಗಿದ್ದರೆ ಕೊಡಲೇ ಬೇಡ, ಎಂದಿತ್ತು. ಮೊದಲ ಓದಿಗೇ ಅರ್ಥವಾಯಿತು. ಅದು ಯಾರಿಗೆ ತಾಗುತ್ತದೆ ಎಂಬುದೂ ಅರ್ಥವಾಯಿತು. ಕಟ್ಟಳೆಯಲ್ಲಿ ಇರುವುದು ಅರ್ಥವಾದರೆ ಒತ್ತಬೇಕು ಎಂದು ಮಾತ್ರ. ಒತ್ತಿದೆ.

ಮರುದಿನ ಬೆಳಿಗ್ಗೆ ಮಾಸ್ತರರು ಆ ಸಾಲನ್ನು ಓದಿದರು. ಹಾಗೆ ಮಾಡಿದರೆ ಅಪಾಯ, ಬೆಂಕಿ ಬಿದ್ದಿದೆ ಎಂದು ಪಕ್ಕದಲ್ಲಿ ನಿಂತು ಕೂಗಿದರೂ ಕೇಳಿಸುವುದಿಲ್ಲ ಎಂದು ಅವರ ವಾದ, ಅದೂ ನಿಜವೇ. ನಮ್ಮಲ್ಲಿ ಯಾರ ಗೋಡೆಯನ್ನಾದರೂ ಯಾರಾದರೂ ತಿದ್ದಬಹುದು. ಆದರೆ ಮೊದಲು ಬಾಗಿಲಲ್ಲಿ ನಿಂತು ಕೇಳಿ, ಮನೆಯವರಿಂದ ಹೂಂ ಅನ್ನಿಸಿಕೊಳ್ಳಬೇಕು. ಮಾಸ್ತರರು ಒದ್ದೆ ಬಟ್ಟೆ ಹಿಡಿದು ಮಾಬೂಬಿಯ ಹೊಸ್ತಿಲಲ್ಲಿ ನಿಂತು, ಅಳಿಸಲೇ ಎಂದು ಕೇಳಿದರು. ಗಿರಣಿಯ ಒಳಗಿದ್ದ ತಿರಕಪ್ಪ ಇಣುಕಿ ನೋಡಿದ. ಮಾಬೂಬಿ ನಾಲ್ಕು ಮಾರು ದೂರದಲ್ಲಿ ಬಾಗಿಲಿಗೆ ಬೆನ್ನು ಹಾಕಿ ಪೇಟಿ ಕೆರೆಯುತ್ತಿದ್ದಳು, ತಿರುಗಲಿಲ್ಲ. ಇನ್ನೂ ಜೋರಾಗಿ ಕೇಳಿದರು. ಬಳೆಗಾರರ ಓಣಿಯಿಂದ ಯಾರೋ ಏನಾಯಿತೆಂದು ಓಡಿಬಂದರು. ಮಾಬೂಬಿ ಅರದ ಪುಡಿಯನ್ನು ಊದಿ, ಕೆಲಸ ಮುಂದುವರಿಸಿದಳು.

ಮಾಸ್ತರರು ನನ್ನ ಕಡೆ ತಿರುಗಿದರು. ಆ ಮುಖ ನೋಡಿ ನನಗೆ ಕಷ್ಟವಾಯಿತು. ಓದು ಕಲಿಸಿದವರು ಅವರು. ನಾನು ಓದಿದ್ದನ್ನು ಅವರಿಗೆ ಹೇಳಬೇಕಾದದ್ದು ನನ್ನ ಕೆಲಸ.

“ಮೆಲ್ಲಕ ಮಾತಾಡ್ರಿ ಮಾಸ್ತರ,” ಎಂದೆ. “ಮೆಲ್ಲಕ ಅಂದ್ರ ಬರೋಬರಿ ಕೇಳಸ್ತೈತಿ ಆಕಿಗೆ.”

ಅವರು ಗಂಟಲು ಸರಿಮಾಡಿಕೊಂಡರು. ಅಷ್ಟು ತಗ್ಗಿದ ದನಿಯನ್ನು ಎಲ್ಲಿಟ್ಟಿದ್ದೇನೆಂದು ತಮಗೇ ಗೊತ್ತಿಲ್ಲದವರಂತೆ ಸ್ವಲ್ಪ ಹುಡುಕಾಡಿದರು.

“ಮಾಬೂಬಿ,” ಎಂದರು ಕಡೆಗೆ. “ಆ ಕಡೀ ಸಾಲು ಅಳಸಲೇನವಾ?”

ಆಕೆಯ ಕೈಯಲ್ಲಿ ಅರ ನಿಂತಿತು. ತಿರುಗಿ ನೋಡಿದಳು.

“ಬ್ಯಾಡ್ರಿ,” ಎಂದಳು. “ಬರ್ರಿ ಒಳಗ. ನಿಮ್ಮ ದನಿ ಕರಿ ಎರಡರಾಗ ಐತಿ ನೋಡ್ರಿ. ಮೂವತ್ತು ವರ್ಷದಾಗ ಇವತ್ತ ತಿಳೀತು.”

ಮಾಸ್ತರರು ಬಟ್ಟೆಯನ್ನು ಹಿಂಡಿ ಹೊಸ್ತಿಲ ಮೇಲೆ ಇಟ್ಟು, ಚಪ್ಪಲಿ ಬಿಟ್ಟು ಒಳಗೆ ಹೋದರು. ಕರಿ ಎರಡು ಅಂದರೆ ಚಲೋನೋ ಕೆಟ್ಟದ್ದೋ ಎಂದು ಅವರು ಕೇಳಿದ್ದು ಹೊರಗೆ ನಿಂತಿದ್ದ ನನಗೆ ಸರಿಯಾಗಿ ಕೇಳಿಸಲಿಲ್ಲ.